ಗುರುತು ಕೇಳುವವರ ಕಾಟ

ತಲೆಗೆ ಪೆಟ್ಟು ಬಿದ್ದು ಗುಣವಾದವರನ್ನು ಮತ್ತೆ ಅವರವರ ಕೆಲಸಕ್ಕೆ ಹಚ್ಚುವುದು ನನ್ನ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕು ಸುತ್ತುತ್ತೇನೆ. ನನ್ನ ಜೀವ ತಿಂದದ್ದು ಪೆಟ್ಟಲ್ಲ, ಮಾತನಾಡಿಸಲು ಬರುವ ಮಂದಿ. ಯಾರ ಮನೆಗೆ ಹೋದರೂ ಪೆಟ್ಟು ಬಿದ್ದವರಿಗೆ ಒಂದೇ ಪ್ರಶ್ನೆ: ನಾ ಯಾರು ಹೇಳು ನೋಡೋಣ? ಸರಿಯಾಗಿ ಹೇಳಿದರೆ ಪಕ್ಕದವರನ್ನು ಮುಂದೆ ತಳ್ಳುತ್ತಾರೆ, ಹಾಗಾದರೆ ಇವರು ಯಾರು? ಪ್ರೀತಿಯಿಂದಲೇ ಕೇಳುತ್ತಾರೆ, ಗೊತ್ತು. ಆದರೂ ಮೈ ಉರಿಯುತ್ತದೆ.

ಕಲ್ಲೋಳಿಯ ಬಸ್ ನಿಲ್ದಾಣದ ಹತ್ತಿರ ಬೈಕ್ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಕೈ ನೆಟ್ಟಗಿತ್ತು, ನೆನಪೂ ಇತ್ತು. ಆದರೆ ನಡುವೆ ಯಾರಾದರೂ ಮಾತನಾಡಿಸಿದರೆ ಸಾಕು, ಕೈಯಲ್ಲಿದ್ದ ಕೆಲಸ ಎಲ್ಲಿಗೆ ಬಂದಿತ್ತೆಂಬುದೇ ಹಾರಿಹೋಗುತ್ತಿತ್ತು. ಅಂಗಡಿ ಮಾಲೀಕರ ಕೈಕಾಲು ಹಿಡಿದು ಪಂಕ್ಚರ್ ಹಾಕಲು ಕೂರಿಸಿದೆ. ಸಂತೆಯ ದಿನದವರೆಗೆ ನೋಡುತ್ತೇನೆ, ಆಗದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದರು.

ಪುಣ್ಯಾತ್ಮರು ಬಿಡಬೇಕಲ್ಲ! ಚಹಾಕ್ಕೆ ಬಂದವರು, ಬಸ್ಸಿಗೆ ಕಾಯುವವರು, ಎಲ್ಲರೂ ಅವನೆದುರು ಕುಕ್ಕರಗಾಲಲ್ಲಿ ಕೂತು ಗುರುತು ಕೇಳಿದರು. ಅವನು ನೀರಿನಿಂದ ಟ್ಯೂಬು ಎತ್ತಿ ಉತ್ತರ ಕೊಟ್ಟು, ಮತ್ತೆ ಮೊದಲಿನಿಂದ ತೂತು ಹುಡುಕುತ್ತಿದ್ದ. ಮಾಲೀಕರಿಗೆ ಹೇಳಿದರೆ, ಮಾತಾಡಿಸಬೇಡಿ ಅಂದರೆ ನಮಗೆ ಸೊಕ್ಕು ಬಂತು ಅಂತಾರೆ ಎಂದು ಕೈಚೆಲ್ಲಿದರು. ಕೊನೆಗೆ ನಾನೇ ಒಂದು ಹಲಗೆ ಬರೆಸಿ ತೂಗುಹಾಕಿದೆ, ಕೆಲಸದ ವೇಳೆ ಮಾತನಾಡಿಸಬೇಡಿರಿ ಎಂದು. ಮರುದಿನ ಹೋದರೆ ಹಿರಿಯರೊಬ್ಬರು ಅವನಿಂದ ಆ ಹಲಗೆಯನ್ನೇ ಓದಿಸುತ್ತಿದ್ದರು, ಓದಲು ಬರುತ್ತದೋ ಇಲ್ಲವೋ ನೋಡಲು! ಹಣೆ ಹಣೆ ಚಚ್ಚಿಕೊಂಡೆ.

ಸಂತೆಯ ದಿನ ತುಕ್ಕಾನಟ್ಟಿಯಿಂದ ಅವನ ಸೋದರಮಾವನೇ ಪಂಕ್ಚರ್ ಆದ ಗಾಡಿ ತಳ್ಳಿಕೊಂಡು ಬಂದ. ನಮ್ಮ ಮೆಕ್ಯಾನಿಕ್ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಬೆರಳಿಟ್ಟ. ಸರಿಯಾಗಿ ಆಗಲೇ ಮಾವ ಬಗ್ಗಿದ.

"ನಾ ಯಾರು ಹೇಳೋ ತಮ್ಮಾ?"

ಇವನು ತುಟಿಪಿಟಕ್ಕೆನ್ನಲಿಲ್ಲ. ಮಾವ ಮತ್ತೆ ಕೇಳಿದ. ಇವನು ಟ್ಯೂಬಿನಿಂದ ಕಣ್ಣು ಕೀಳಲಿಲ್ಲ. ಅಕ್ಕನಿಗೆ ಏನು ಹೇಳಲಿ, ಸ್ವಂತ ಮಾವನ ಗುರುತೇ ಹತ್ತಲಿಲ್ಲವಲ್ಲ ಎಂದು ಆತ ನಿಂತಲ್ಲೇ ಕಣ್ಣೀರು ಹಾಕಿದ. ಕೂಡಿದ ಮಂದಿ ಲೊಚಗುಟ್ಟಿದರು. ಮಾಲೀಕರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಆಯಿತು, ಇವನ ಕೆಲಸ ಹೋಯಿತು ಎಂದುಕೊಂಡೆ. ಆ ಮಾವನ ರಟ್ಟೆ ಹಿಡಿದು ಹೊರಗೆ ನೂಕುವಷ್ಟು ಸಿಟ್ಟು ಬಂದಿತ್ತು.

ಇವನು ಮಾತ್ರ ತೂತಿನ ಸುತ್ತ ಪೆನ್ನಿನಿಂದ ಗೆರೆ ಎಳೆದ. ಒರೆಸಿ, ಉಜ್ಜಿ, ತೇಪೆ ಹಚ್ಚಿದ. ಟೈರು ಕೂರಿಸಿ ಗಾಳಿ ತುಂಬಿದ. ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ತಲೆ ಎತ್ತಿದ.

"ಮಾಮಾ, ನೀ ದೂರಿಂದ ಬರೂಮುಂದನ ನಿನ್ನ ಗುರ್ತ ಹಿಡದೇನಿ. ಆವಾಗ ಮಾತಾಡಿದ್ರ ತೂತ ಎಲ್ಲೈತಿ ಅನ್ನೂದು ಮರೀತಿದ್ದೆ."

ಮಾಲೀಕರು ಹೊರಗಿದ್ದ ಇನ್ನೊಂದು ಗಾಡಿಯನ್ನು ತಂದು ಅವನ ಮುಂದೆ ನಿಲ್ಲಿಸಿದರು.