ಡಬ್ಬಿ ಟೀಚರ್ ‘ಇನ್ನೊಂದ್ಸಲ’ ಅಂದಾಗ

ನಮ್ಮ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಡಬ್ಬಿ ಟೀಚರ್ ಅಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ಓದುಬರಹದಲ್ಲಿ ಹಿಂದುಳಿದ ಚಿಕ್ಕ ಮಕ್ಕಳನ್ನು ಸಾಮಾನಿನ ಕೋಣೆಯಲ್ಲಿ ದುಂಡಗೆ ಕೂರಿಸಿ, ಖಾಲಿ ಪೇಂಟ್ ಡಬ್ಬಿಗಳನ್ನು ಬೋರಲು ಹಾಕಿ, ಎಲ್ಲರ ಕೈಗೂ ಕೋಲು ಕೊಟ್ಟು ಒಟ್ಟಿಗೆ ಬಾರಿಸಲು ಹೇಳುವುದೇ ಅವರ ಪಾಠ. ಪಕ್ಕದ ಕೋಣೆಯಲ್ಲಿ ಗಣಿತ ಹೇಳಿಕೊಡುವ ಕರ್ಮ ನನ್ನದು. ತಲೆ ಚಿಟ್ಟು ಹಿಡಿದುಹೋಗಿತ್ತು.

ಅವರ ಅಪ್ಪ ತಗಡಿನ ಕೆಲಸದವರು. ಮಗ್ಗಿ ತಲೆಗೆ ಹತ್ತದೆ ಅಳುತ್ತಾ ಬಂದ ಮಗಳು, ಅಪ್ಪನ ಸುತ್ತಿಗೆ ಏಟಿಗೆ ಸರಿಯಾಗಿ ಹೇಳುತ್ತಾ ಹೇಳುತ್ತಾ ಕಲಿತುಬಿಟ್ಟಳಂತೆ. ಇದನ್ನು ಅವರು ನೂರು ಸಲ ಹೇಳಿದ್ದಾರೆ, ಕೇಳದವರಿಗೂ.

“ಬಾಯಿ ಬರದ ಮಗುಗೆ ಮೊದ್ಲು ಕೈ ಬರ್ಬೇಕು ರೀ.”

“ಕಿವಿ ಹೋಗೋದು ಮಾತ್ರ ನಂದು,” ಎಂದು ನಾನು ಗೊಣಗುತ್ತಿದ್ದೆ.

ಆ ಗುಂಪಿನಲ್ಲಿ ಎರಡನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಬಾಯಿಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂತೆ ವರ್ಷವಿಡೀ ಒಂದು ಮಾತೂ ಆಡಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವಳು ಮುತ್ತು. ಅಪ್ಪ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದೇ ಅಪರೂಪ. ಇರುವುದು ತಾಯಿ ಮಗಳು ಇಬ್ಬರೇ.

ಆ ಸೋಮವಾರ ಬೆಳಿಗ್ಗೆ ಆಟ ಹೀಗಿತ್ತು. ಇವತ್ತು ಮನೆಯಲ್ಲಿ ಏನಾಯಿತೆಂದು ಒಬ್ಬೊಬ್ಬರೂ ಬಾರಿಸುತ್ತಾ ಹೇಳಬೇಕು, ಉಳಿದವರು ಅದನ್ನೇ ಬಾರಿಸಿ ತಿರುಗಿ ಹೇಳಬೇಕು. “ಬೆಕ್ಕು ಹಾಲು ಕುಡೀತು!” ಎಂದು ಗೋಡೆ ನಡುಗಿತು. “ತಮ್ಮ ಚಡ್ಡೀಲಿ ಉಚ್ಚೆ ಹೊಯ್ದ!” ಎಂದಾಗ ನನ್ನ ಕ್ಲಾಸೂ ಬಿದ್ದು ಬಿದ್ದು ನಕ್ಕಿತು, ಭಾಗಾಕಾರ ಕೆಟ್ಟಿತು. ಜಗಳವಾಡಲೆಂದೇ ಎದ್ದು ಹೋದೆ.

ನಾನು ಬಾಗಿಲಿಗೆ ಬಂದಾಗ ಬಾರಿಸುತ್ತಿದ್ದವಳು ಮುತ್ತು. ಅಂದು ಬಾಯಿಯನ್ನೂ ಬಿಟ್ಟಳು.

“ಅಮ್ಮ ಏಳ್ಲಿಲ್ಲ. ಕಣ್ಣು ಬಿಡ್ಲಿಲ್ಲ.”

ಡಬ್ಬಿ ಟೀಚರ ಮುಖ ಅರಳಿತು. ವರ್ಷದಿಂದ ಕಾದಿದ್ದ ದನಿ ಅದು. ಖುಷಿಯಲ್ಲಿ ದನಿ ಕೇಳಿಸಿತೇ ಹೊರತು ಮಾತು ಕೇಳಿಸಲಿಲ್ಲ. “ಭೇಷ್ ಕಂದ! ಎಲ್ರೂ ಹೇಳಿ, ಜೋರಾಗಿ!” ಮಕ್ಕಳು ಕುಣಿಕುಣಿದು ಬಾರಿಸಿದರು: ಅಮ್ಮ ಏಳ್ಲಿಲ್ಲ, ಕಣ್ಣು ಬಿಡ್ಲಿಲ್ಲ. “ಇನ್ನೊಂದ್ಸಲ!” ಎಂದರು ಟೀಚರ್.

“ನಿಲ್ಸ್ರೀ! ಆ ಮಗು ಏನ್ ಹೇಳ್ತಿದೆ ಕೇಳಿಸ್ಕೊಳ್ರೀ!” ಎಂದು ಕಿರುಚಿದೆ.

ಅವರ ಕೈಯಿಂದ ಕೋಲು ಬಿತ್ತು. ನಾನು ಹುಡುಗಿಯ ಭುಜ ಹಿಡಿದು ಅಲುಗಿಸಿ ಕೇಳಿದರೆ ಉಹೂಂ, ಮತ್ತೆ ಬಾಯಿ ಕಟ್ಟಿಹೋಗಿತ್ತು. ಟೀಚರ್ ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಡಬ್ಬಿ ತಟ್ಟಿದರು.

“ಅಮ್ಮ ಎಲ್ಲಿ?”

ಹುಡುಗಿಯೂ ತಟ್ಟಿದಳು. “ಅಡುಗೆ ಮನೇಲಿ.”

“ಎಲ್ಲಿ ಮಲ್ಗಿದಾಳೆ?”

“ನೆಲದ್ ಮೇಲೆ.”

“ಬಾಗ್ಲು?”

“ಎಳ್ಕೊಂಡ್ ಬಂದೆ.”

ನಾನು ಆಂಬುಲೆನ್ಸಿಗೆ ಫೋನ್ ಮಾಡುವಷ್ಟರಲ್ಲಿ ಟೀಚರ್ ಹುಡುಗಿಯನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಹಾಕದೆ, ಅವಳ ಮನೆಯತ್ತ ಓಡಿದ್ದರು.

“ಶುಗರ್ ಪೂರ್ತಿ ಇಳಿದುಬಿಟ್ಟಿತ್ತು. ಇನ್ನೊಂಚೂರು ತಡ ಆಗಿದ್ರೆ ಉಳೀತಿರ್ಲಿಲ್ಲ,” ಎಂದರು ಆಸ್ಪತ್ರೆಯ ಡಾಕ್ಟರ್. ತಾಯಿ ಕಣ್ಣು ಬಿಟ್ಟಳು ಎಂದು ನರ್ಸ್ ಬಂದು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಡಬ್ಬಿ ಟೀಚರ್ ಮಾತ್ರ ಹೊರಗಿನ ಬೆಂಚಿನಲ್ಲಿ ಒಂದೇ ಮಾತು ಹೇಳುತ್ತಾ ಕೂತಿದ್ದರು.

“ಇನ್ನೊಂದ್ಸಲ ಅಂದ್ನಲ್ರೀ ನಾನು. ಇನ್ನೊಂದ್ಸಲ ಅಂದೆ.”

ಆಮೇಲೆ ಅವರು ಹುಡುಗಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

“ಬೆಳಿಗ್ಗೆ ಗೇಟ್ ಹತ್ರ ನನ್ ಕೈ ಹಿಡ್ಕೊಂಡೇ ಒಳಗ್ ಬಂದ್ಯಲ್ಲ ಕಂದ. ಆಗ್ಲೇ ಯಾಕ್ ಹೇಳ್ಲಿಲ್ಲ?”

ಹುಡುಗಿ ಅವರ ಮುಖ ನೋಡಿದಳು.

“ನನ್ ಸರದಿ ಬಂದಿರ್ಲಿಲ್ಲ ಮಿಸ್.”