ಒಂದು ಫೋಲ್ಡರ್ ಆಚೆ

ಸೇಲಂನ ನಮ್ಮ ಆಫೀಸಿನಲ್ಲಿ ಸರಸ್ವತಿ ಪೂಜೆಗೆ ಕಂಪ್ಯೂಟರ್‌ಗಳಿಗೆಲ್ಲ ಗಂಧ ಹಚ್ಚುತ್ತಾರೆ. ಈ ಸಲ ಮಾರನೇ ಬೆಳಿಗ್ಗೆ ಬಾಗಿಲು ತೆಗೆದಾಗ ಒಣಗಿದ ಗಂಧದ ವಾಸನೆ ಮೂಗಿಗೆ ಬಡಿಯಿತು. ನಮ್ಮೂರು ಮಾರಂಡಹಳ್ಳಿಯ ಕಂಪ್ಯೂಟರ್ ಅಕ್ಕ ನೆನಪಾದರು...

ತರಕಾರಿ ಮಂಡಿಯ ಮಹಡಿಯಲ್ಲಿ ಅವರ ಸೆಂಟರು. ನಾವೆಲ್ಲ ಕುರಿ ಸಾಕುವ ಮನೆಯ ಹುಡುಗಿಯರು. ಅಕ್ಕ ನಮ್ಮ ಅಪ್ಪಂದಿರನ್ನು ಕಾಡಿ ಬೇಡಿ ನಮ್ಮನ್ನು ಕರೆತಂದು, ತಮಿಳು ಪುಸ್ತಕವನ್ನು ನಮ್ಮ ಮನೆಮಾತು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಅಲ್ಲಿದ್ದವೆಲ್ಲ ಡಿಸ್ಕೇ ಇಲ್ಲದ ಹಳೇ ಕಂಪ್ಯೂಟರ್‌ಗಳು. ಮೂಲೆಯ ಸರ್ವರ್‌ನಿಂದ ಕೇಬಲ್ಲಿನಲ್ಲಿ ಫೈಲು ತರಿಸಿಕೊಂಡೇ ಅವು ಏಳಬೇಕು. ಆ ಸರ್ವರನ್ನು ಅಕ್ಕ ಆರಿಸುತ್ತಿದ್ದುದು ಪೂಜೆಯ ದಿನ ಮಾತ್ರ. ಅವತ್ತು ಅದಕ್ಕೂ ಗಂಧ, ಕುಂಕುಮ, ಎದುರಿಗೆ ಪೊರಿ ಕಡಲೆ, ಅಂದರೆ ಮಂಡಕ್ಕಿ ಕಡಲೆ.

ಒಂದು ವರ್ಷ ಪೂಜೆಯ ಮಾರನೇ ದಿನವೇ ಪರೀಕ್ಷೆ ಬಂತು. ನಡೆಯದಿದ್ದರೆ ಸೆಂಟರಿನ ಪರ್ಮಿಷನ್ ಹೋಗುತ್ತಿತ್ತು. ಸರ್ವರ್ ಎದ್ದಿತು, ಮಿಕ್ಕವು ಏಳಲಿಲ್ಲ. ಒಂದೊಂದು ಕಂಪ್ಯೂಟರೂ ಮೊದಲು ತನ್ನ ಹೆಸರಿನ ಫೈಲು ಹುಡುಕಿತು, ಆಮೇಲೆ ತನ್ನ ನೆಟ್‌ವರ್ಕ್ ವಿಳಾಸದ ಒಂದೊಂದೇ ಅಕ್ಷರ ಬಿಡುತ್ತ ಆ ಹೆಸರಿನಲ್ಲಿ ಹುಡುಕಿತು, ಕೊನೆಗೆ ಎಲ್ಲಕ್ಕೂ ಸೇರಿದ ಫೈಲು ಕೇಳಿತು. ಅದೂ ಇಲ್ಲವೆಂದು ನಿಂತುಬಿಟ್ಟಿತು.

“ಫೈಲು ಇಲ್ಲೇ ಐತಲ್ಲಮ್ಮಾ,” ಅಕ್ಕ ಸರ್ವರ್ ತೋರಿಸಿದರು. “ಕಣ್ಣೆದುರಿಗೇ ಐತೆ. ಯಾಕೆ ಇಲ್ಲ ಅಂತೈತೆ?”

ಕೇಬಲ್ ಬದಲಿಸಿದರು, ಫೋನಿನಲ್ಲಿ ಯಾರ್ಯಾರನ್ನೋ ಕೇಳಿದರು... ಪರೀಕ್ಷಕರು ಬಂದು, ಕಪ್ಪು ಪರದೆಗಳನ್ನು ನೋಡಿ, “ಸರಿಮ್ಮಾ, ಪಾಕ್ಕಲಾಂ” ಎಂದು ಹೊರಟರು. ನೋಡೋಣ ಎಂದವರು ಮತ್ತೆ ಬರಲಿಲ್ಲ.

“ಎಲ್ಲಾ ಓಯ್ತು ಕಣಮ್ಮಾ. ಪೂಜೆ ಅಂತ ಆಫ್ ಮಾಡ್ಬಾರ್ದಾಗಿತ್ತು ನಾನು,” ಎಂದರು ಅಕ್ಕ.

ಸೆಂಟರ್ ಮುಚ್ಚಿತು. ನನ್ನ ಜೊತೆಯವರು ಕುರಿ ಹಿಂದೆ ಹೋದರು. ನಾನೊಬ್ಬಳು ಧರ್ಮಪುರಿಗೆ ಹೋಗಿ ತಮಿಳಿನಲ್ಲೇ ಕಲಿತೆ. ಅಕ್ಕ ಆಮೇಲೆ ದೇವರಿಗೆ ದೀಪ ಕೂಡ ಹಚ್ಚಲಿಲ್ಲವಂತೆ.

ಸರ್ವರ್‌ನಿಂದಲೇ ಏಳುವ ನಮ್ಮ ಆಫೀಸಿನ ಕಂಪ್ಯೂಟರ್‌ಗಳೂ ಈ ಸಲ ಫೈಲು ಇಲ್ಲವೆಂದು ನಿಂತವು. ಹುಡುಕಿದೆ. ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮನ್ನು ಯಾರೋ ಹಿಂದೆಯೇ ಹೊಸ ಫೋಲ್ಡರಿಗೆ ಹಾಕಿದ್ದರು. ಪೂಜೆಗೆಂದು ಸರ್ವರ್ ಆರಿಸಿ ಮತ್ತೆ ಹಚ್ಚಿದ ಮೇಲಷ್ಟೇ ಆ ಬದಲಾವಣೆ ಜಾರಿಗೆ ಬಂದಿತ್ತು. ಪ್ರೋಗ್ರಾಮು ತನ್ನ ಪಕ್ಕದಲ್ಲಿ ಮಾತ್ರ ಫೈಲು ಹುಡುಕುತ್ತದೆ. ಕಂಪ್ಯೂಟರ್‌ಗಳು ಕೇಳುತ್ತಿದ್ದ ಫೈಲು ಹಳೇ ಜಾಗದಲ್ಲೇ, ಒಂದು ಫೋಲ್ಡರ್ ಆಚೆ ಉಳಿದಿತ್ತು. ಅಕ್ಕನೂ ಆ ವರ್ಷ ಪೂಜೆಗೆ ಮುಂಚೆ, ಮಳೆಗಾಲದಲ್ಲಿ ಫೋಲ್ಡರ್‌ಗಳನ್ನು ಒಪ್ಪಮಾಡುತ್ತ ಕೂತಿದ್ದರು...

ಫೈಲನ್ನು ಒಳಕ್ಕೆ ಹಾಕಿದೆ. ಎಲ್ಲ ಎದ್ದವು. ಆಫೀಸಿನವರು ನಿನ್ನೆಯ ಪೊರಿ ಕೈಗಿಟ್ಟರು, ಅದನ್ನು ಸರ್ವರ್ ಎದುರಿಗಿಟ್ಟೆ. ಅಕ್ಕ ತೀರಿಕೊಂಡದ್ದು ಹೋದ ವರ್ಷ. ಪೂಜೆ ಮಾಡಿ ತಾನೇ ಎಲ್ಲ ಕೆಡಿಸಿದೆ ಎಂದು ನಂಬಿಕೊಂಡೇ ಹೋದರು.