ಇಟ್ಟಿಗೆಯಂಥ ಚಾರ್ಜರ್

ಜಹೀರಾಬಾದಿನ ಒಂದು ಸ್ಟುಡಿಯೋದಲ್ಲಿ ನಾಲ್ಕು ವರ್ಷ ನಾನು ಮದುವೆಯ ಫೋಟೋ ತೆಗೆದೆ. ಮದುಮಗಳ ಕೋಣೆ ನನ್ನದು, ಮಂಟಪ ಸ್ಟುಡಿಯೋ ಮಾಲೀಕರದು. ಅವರಿಗೆ ಬರುತ್ತಿದ್ದದ್ದು ಎರಡೇ ಮಾತು: ಮದುಮಕ್ಕಳಿಗೆ ‘ನಗ್ರಿ’, ನನಗೆ ‘ಆಚೆ ಸರಿ’.

ನಮ್ಮಿಬ್ಬರ ಕ್ಯಾಮೆರಾಗಳೂ ಒಂದೇ ಮಾದರಿಯವು, ಹಳೆಯವು. ಅವುಗಳ ಚಾರ್ಜರನ್ನು ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಬಸ್ಸು ಹತ್ತಿದವನಲ್ಲ. ಬ್ಯಾಟರಿ ಬೆಂಕಿಪೊಟ್ಟಣದಷ್ಟು, ಚಾರ್ಜರ್ ಇಟ್ಟಿಗೆಯಷ್ಟು. ಎಮ್ಮೆ ಕಟ್ಟುವ ಹಗ್ಗದಂಥ ವೈರು, ಅದರ ತುದಿಗೆ ಅರ್ಧ ಊರಿನ ಸಾಕೆಟ್ಟುಗಳಿಗೆ ಹೊಂದದ ದಪ್ಪ ಮೂರು ಪಿನ್ನು. ನಾರಾಯಣಖೇಡದ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರೆ ಇಳಿಯುವಷ್ಟರಲ್ಲಿ ಕಾಲು ಮರಗಟ್ಟಿರುತ್ತಿತ್ತು. ಮಾಲೀಕರು ಮಾತ್ರ ತಮ್ಮದನ್ನು ಟವೆಲಿನಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ತಿರುಗುತ್ತಿದ್ದರು. ಒರಿಜಿನಲ್ ಅಂತೆ.

ತಾಂಡೂರಿನ ಒಂದು ಮದುವೆಯಲ್ಲಿ ಆ ಪಿನ್ನು ಹಿಡಿಯುವ ಸಾಕೆಟ್ಟು ಇದ್ದದ್ದು ಅಡುಗೆಯವರ ಹತ್ತಿರ ಮಾತ್ರ. ಯಾರಾದರೂ ಕಿತ್ತುಹಾಕಿಯಾರೆಂದು ಬೇಳೆಯ ಹಂಡೆಯ ಪಕ್ಕ ಕಾವಲು ಕೂತೆ. ಆಚೆ ಕೋಣೆಯಲ್ಲಿ ಅಜ್ಜಿ ಬಳೆ ತೊಡಿಸುವಾಗ ಮದುಮಗಳು ಅತ್ತಳಂತೆ. ಆ ಫೋಟೋ ಇಲ್ಲ. ಮಾಲೀಕರು ಎಲ್ಲರೆದುರು ಬೈದದ್ದು ನನ್ನನ್ನು, ಚಾರ್ಜರನ್ನಲ್ಲ.

ಮರುದಿನವೇ ಅದನ್ನು ಅಲ್ಲಿನ ಒಂದು ರಿಪೇರಿ ಅಂಗಡಿಗೆ ಒಯ್ದು, ಇದನ್ನು ಸಣ್ಣದು ಮಾಡಬಹುದೇ ಎಂದು ಕೇಳಿದೆ. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಬಿಚ್ಚಿದ್ರ ಬ್ಯಾಟರಿ ಒಡೀತದ್ರಿ. ಹೆಣ್ಮಕ್ಕಳಿಗಿ ಇವೆಲ್ಲ ಯಾಕ ಬೇಕು?”

ನಾನು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು. ಅದನ್ನು ಅವನೂ ಕೇಳಲಿಲ್ಲ, ನಾಲ್ಕು ವರ್ಷದಲ್ಲಿ ಮಾಲೀಕರೂ ಕೇಳಿರಲಿಲ್ಲ.

ಮನೆಗೆ ಬಂದು ನಾನೇ ಬಿಚ್ಚಿದೆ. ಒಳಗೆ ಮೂಲೆಯಲ್ಲೊಂದು ಟ್ರಾನ್ಸ್‌ಫಾರ್ಮರು, ಬೆರಳಗಲದ ಒಂದು ಬೋರ್ಡು. ಉಳಿದ ಅರ್ಧ ಬರೀ ಗಾಳಿ. ನಾಲ್ಕು ವರ್ಷ ನಾನು ಊರೂರಿಗೆ ಗಾಳಿ ಹೊತ್ತಿದ್ದೆ. ಬ್ಯಾಟರಿ ಕೂರುವ ಭಾಗವನ್ನಷ್ಟೇ ಗರಗಸದ ಬ್ಲೇಡಿನಿಂದ ಕೊಯ್ದು ಅಂಚು ಉಜ್ಜಿದೆ. ಪವರ್ ಬ್ಯಾಂಕಿನಿಂದ ಇಂಥ ಬ್ಯಾಟರಿ ತುಂಬಿಸುವ ಪುಟ್ಟ ಬೋರ್ಡು ತರಿಸಿ ಅದಕ್ಕೆ ಜೋಡಿಸಿದೆ. ಮೊದಲ ಬೋರ್ಡಿಗೆ ವೈರು ತಿರುಗುಮುರುಗು ಕೊಟ್ಟೆ, ಹೊಗೆ ಬಂತು. ಇನ್ನೊಂದು ತರಿಸಿ, ಮೀಟರ್ ಹಿಡಿದು ನೋಡಿಯೇ ಬೆಸೆದೆ. ಹಾಳಾದರೂ ಚಿಂತೆಯಿಲ್ಲದ ಬ್ಯಾಟರಿಯೊಂದನ್ನು ಹಾಕಿ, ಅಂಗಳದಲ್ಲಿ ಸ್ಟೀಲಿನ ತಟ್ಟೆಯ ಮೇಲಿಟ್ಟು, ತುಂಬುವವರೆಗೂ ಎದುರಿಗೇ ಕೂತೆ. ಒಡೆಯಲಿಲ್ಲ. ಈಗ ಅದು ಸಾಬೂನಿನಷ್ಟೇ ಇತ್ತು. ಮಾಲೀಕರು ನೋಡಿ, ಒಳ್ಳೆ ಸಾಮಾನು ಕೆಡಿಸಿದೆ ಅಂದರು.

ಮುಂದಿನ ಕೆಲಸ ಕಲ್ಹೇರಿನಲ್ಲಿ, ಹೊಲದ ಶಾಮಿಯಾನದಲ್ಲಿ ಒಂದು ನಿಶ್ಚಿತಾರ್ಥ. ಉಂಗುರ ತೊಡಿಸುವ ಮೊದಲೇ ಜನರೇಟರ್ ನಿಂತಿತು. ಮಾಲೀಕರ ಬ್ಯಾಟರಿ ಖಾಲಿ, ಅವರ ಒರಿಜಿನಲ್ ಟವೆಲಿನ ಮೇಲೆ ಹೆಣವಾಗಿತ್ತು. ನನ್ನ ಚೀಲದಲ್ಲಿ ಪವರ್ ಬ್ಯಾಂಕಿನಿಂದ ಇನ್ನೊಂದು ಬ್ಯಾಟರಿ ತುಂಬುತ್ತಿತ್ತು. ಅವರು ಕೇಳಲೂ ಇಲ್ಲ, ಚಾರ್ಜರ್ ಸಮೇತ ತೆಗೆದುಕೊಂಡರು. ಹುಡುಗಿಯ ಸೋದರಮಾವ ಕರಣಕೋಟದಲ್ಲಿ ಎಲೆಕ್ಟ್ರಿಷಿಯನ್. ಇದೇನು ಎಂದು ಆತ ಕುತೂಹಲದಿಂದ ಕೇಳಿದಾಗ ಮಾಲೀಕರು, ನಮ್ಮ ಸ್ಟುಡಿಯೋದಲ್ಲೇ ತಾವು ಮಾಡಿದ್ದು ಎಂದುಬಿಟ್ಟರು.

“ಬ್ಯಾಟರಿ ತುಂಬಿದ ಮ್ಯಾಲ ಎಷ್ಟು ವೋಲ್ಟಿಗಿ ಕಟ್ ಆಗ್ತದ್ರಿ?” ಅಂದರು ಆತ.

ಮಾಲೀಕರು ನನ್ನ ಕಡೆ ನೋಡಿದರು. ನಾನು ಲೆನ್ಸು ಒರೆಸುತ್ತಿದ್ದೆ.

“ಎರಡ್ನೂರಾ ಇಪ್ಪತ್ತು,” ಅಂದರು ಮಾಲೀಕರು. ಅದು ಗೋಡೆಯ ಸಾಕೆಟ್ಟಿನ ವೋಲ್ಟು.

ಆತ ನಗಲಿಲ್ಲ. ಚಾರ್ಜರನ್ನು ಬ್ಯಾಟರಿ ಸಮೇತ ಅವರ ಕೈಯಿಂದ ತೆಗೆದು ನನಗೆ ಕೊಟ್ಟರು.

“ತಂಗಿ, ನೀವು ಮಾಡೀರೇನು?”

ಹೌದೆಂದೆ. ಎಂಟು ಪಾಯಿಂಟ್ ನಾಲ್ಕಕ್ಕೆ ನಿಲ್ಲುತ್ತದೆ ಅಂದೆ. ಆತ ಬೆಸುಗೆಗಳನ್ನು ಒಂದೊಂದಾಗಿ ನೋಡಿ, ಚಲೋ ಆಗ್ಯಾವ ಅಂದರು. ಅಷ್ಟರಲ್ಲಿ ಉಂಗುರದ ಹೊತ್ತಾಯಿತು. ಮಂಟಪದ ಫೋಟೋ ಅವತ್ತು ನಾನೇ ತೆಗೆದೆ.

ಒಂದು ವಾರದ ಮೇಲೆ ಒಂದು ಮಧ್ಯಾಹ್ನ ಮಾಲೀಕರು ಟವೆಲ್ ಬಿಚ್ಚಿ, ತಮ್ಮದನ್ನೂ ಹಾಗೇ ಮಾಡಿಕೊಡು ಎಂದರು. ನಾನು ಆಗುವುದಿಲ್ಲ ಅನ್ನಲಿಲ್ಲ. ಸ್ಕ್ರೂಡ್ರೈವರ್ ಅವರ ಕೈಗೇ ಕೊಟ್ಟು, “ನೀವೇ ಬಿಚ್ರಿ ಅಣ್ಣಾ, ನಾ ಹೇಳ್ತೀನಿ,” ಎಂದೆ.

ನಾಲ್ಕು ಸ್ಕ್ರೂ ಬಿಚ್ಚಲು ಅವರಿಗೆ ಅರ್ಧ ತಾಸು ಹಿಡಿಯಿತು. ಎರಡನ್ನು ಮೊದಲು ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿ ಮಾಡಿದರು.